ಎಕ್ಸ್‌ಪೈರಿ ಆದ ಬೆಂಕಿ ಆರಿಸುವ ಫೋಮ್ ಯಾರಿಗೆ ಕೊಡೋದು? ನಾನು ನೋಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಇನ್ಸಿನರೇಟರ್‌ಗೆ, ಅಂದರೆ ತ್ಯಾಜ್ಯವನ್ನು ಭಾರೀ ಶಾಖದಲ್ಲಿ ಸುಡುವ ಕುಲುಮೆಗೆ. ದುಡ್ಡು ಜಾಸ್ತಿ, ಕಾಗದಪತ್ರ ಇನ್ನೂ ಜಾಸ್ತಿ. ಆದರೂ ಅದೇ.

ನಮ್ಮದು ಪೀಣ್ಯದಲ್ಲಿ ಥಿನ್ನರ್, ಸಾಲ್ವೆಂಟ್ ಇಡುವ ಗೋಡೌನು. ಅಲ್ಲಿ ಬೆಂಕಿ ಆರಿಸೋಕೆ ಇಟ್ಟಿದ್ದ ಎಎಫ್‌ಎಫ್‌ಎಫ್ ಫೋಮ್ (ಫ್ಲೋರಿನ್ ಇರುವ ಹಳೇ ಬಗೆ) ಎಕ್ಸ್‌ಪೈರಿ ಆಗಿತ್ತು. ಅದರ ಜಾಗಕ್ಕೆ ಫ್ಲೋರಿನ್ ಇಲ್ಲದ ಫೋಮ್ ತಂದೆವು. ಹೊಸದು ಒಂದು ಫೋನಿಗೆ ಬಂತು. ಹಳೇದನ್ನು ಸಾಗಹಾಕೋಕೆ ತಲೆ ಚಿಟ್ಟು ಹಿಡಿಯಿತು.

ಬಿಟ್ಟಿ ದಾರಿ ಎಲ್ಲರಿಗೂ ಗೊತ್ತು. 'ಮಾಕ್ ಡ್ರಿಲ್ ಮಾಡಿ ಹೊಡೆದುಬಿಡಿ ಸಾರ್, ಟ್ರೈನಿಂಗೂ ಆಯ್ತು, ಟ್ಯಾಂಕೂ ಖಾಲಿ' ಅಂತ ಪಕ್ಕದ ಯೂನಿಟ್‌ನವರು ಹೇಳಿದರು. ಬೆಳ್ಳಂದೂರು ಕೆರೆಯ ನೊರೆ ನೋಡಿ ನೋಡಿ ನಮಗೆ ನೊರೆ ಅಂದರೆ ಕಣ್ಣಿಗೆ ಕಾಣುವ ಗಲೀಜು ಅಂತ ಅಭ್ಯಾಸವಾಗಿದೆ. ಇದು ಹಾಗಲ್ಲ. ನೊರೆ ಇಳಿದ ಮೇಲೆ ನೀರು ತಿಳಿಯಾಗಿ ಕಾಣುತ್ತದೆ, ಆದರೆ ಪಿಎಫ್‌ಎಎಸ್, ಅಂದರೆ ಈ ಫೋಮ್‌ನೊಳಗಿನ ಫ್ಲೋರಿನ್ ರಾಸಾಯನಿಕಗಳು, ಅಲ್ಲೇ ಇರುತ್ತವೆ. ಅವುಗಳ ಕಾರ್ಬನ್-ಫ್ಲೋರಿನ್ ಬಂಧವನ್ನು ಮಣ್ಣು, ಬಿಸಿಲು, ಬ್ಯಾಕ್ಟೀರಿಯಾ ಯಾವುದೂ ಮುರಿಯುವುದಿಲ್ಲ. ಇದೇ ಗುಂಪಿನ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಬೇಗ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಕುಡಿಯುವ ನೀರಿನಲ್ಲಿ ಇವೆರಡಕ್ಕೂ ಅಮೆರಿಕ 2024ರಲ್ಲಿ ಇಟ್ಟ ಮಿತಿ ಲೀಟರಿಗೆ ತಲಾ 4 ನ್ಯಾನೋಗ್ರಾಂ. ಲೆಕ್ಕ ಹಾಕಿ ನೋಡಿ, ಒಂದೇ ಒಂದು ಗ್ರಾಂ ಸಾಕು, 25 ಕೋಟಿ ಲೀಟರ್ ನೀರು ಆ ಮಿತಿ ಮುಟ್ಟುತ್ತದೆ. ನಮ್ಮ ಮೋರಿ ನೀರು ಹೋಗುವುದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ. ಆ ನೀರಲ್ಲಿ ಜನ ಬೆಳೆ ಬೆಳೆಯುತ್ತಾರೆ. ಡ್ರಿಲ್ ಅಂತೂ ಬೇಡವೇ ಬೇಡ.

ಇಟಿಪಿಗೆ, ಅಂದರೆ ಕಾರ್ಖಾನೆಯ ಕೊಳಚೆ ನೀರು ಶುದ್ಧಿ ಮಾಡುವ ಘಟಕಕ್ಕೆ, ಬಿಡುವುದೂ ಅಷ್ಟೇ. ಗಾಳಿ ಊದುವ ಏರೇಷನ್ ಟ್ಯಾಂಕ್ ನೊರೆ ಕಕ್ಕುತ್ತದೆ, ವಿಷ ಹಾಗೇ ಆಚೆ ಹೋಗುತ್ತದೆ.

ಎರಡನೇ ದಾರಿ, ಹೊಸ ಫೋಮ್ ಕೊಟ್ಟವರೇ ಹಳೇದನ್ನು ವಾಪಸ್ ಒಯ್ಯುವುದು. ಕೇಳೋಕೆ ಚೆನ್ನಾಗಿದೆ. ನಮಗೆ ಕೋಟೇಷನ್ ಕೊಟ್ಟ ಒಬ್ಬರು 'ಫ್ರೀ ಪಿಕಪ್' ಅಂದರು. ಎಲ್ಲಿಗೆ ಒಯ್ಯುತ್ತೀರಿ, ಮ್ಯಾನಿಫೆಸ್ಟ್ (ತ್ಯಾಜ್ಯ ಯಾರಿಂದ ಯಾರಿಗೆ ಹೋಯಿತು ಅನ್ನುವ ಅಧಿಕೃತ ಕಾಗದ) ಕೊಡ್ತೀರಾ ಅಂದೆ. 'ಲೆಟರ್‌ಹೆಡ್‌ನಲ್ಲಿ ಬರ್ಕೊಡ್ತೀವಿ ಸಾರ್' ಅಂತ ಉತ್ತರ ಬಂತು. ಅಲ್ಲಿಗೆ ಮಾತು ಮುಗಿಯಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಮಾಲು ಗೇಟು ದಾಟಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಕಳಚುವುದಿಲ್ಲ. ನಾಳೆ ಆ ಕ್ಯಾನುಗಳು ಯಾವುದೋ ಖಾಲಿ ಸೈಟಿನಲ್ಲಿ ಸಿಕ್ಕರೆ ಲೇಬಲ್ ಮೇಲೆ ಇರುವುದು ನಮ್ಮ ಹೆಸರು. ಸಪ್ಲೈಯರ್ ಬಳಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ಪರವಾನಗಿ ಇದ್ದರೆ ಮಾತು ಬೇರೆ. ಇರುವವರನ್ನು ನಾನು ಕಾಣಲಿಲ್ಲ.

ಮೂರನೇ ದಾರಿ, ಸಿಮೆಂಟ್ ಕಾರ್ಖಾನೆಯ ಗೂಡು, ನಿಜಕ್ಕೂ ಒಳ್ಳೇ ಆಯ್ಕೆ. ಒಳಗೆ ಕ್ಲಿಂಕರ್ (ಆಮೇಲೆ ಪುಡಿ ಮಾಡಿ ಸಿಮೆಂಟ್ ಮಾಡುವ ಉಂಡೆ) ಸುಮಾರು 1,450 ಡಿಗ್ರಿಗೆ ಬೇಯುತ್ತದೆ, ಜ್ವಾಲೆ 2,000 ಡಿಗ್ರಿ ಹತ್ತಿರ. ಬಿಟ್ಟುಹೋದ ಫ್ಲೋರಿನ್ನನ್ನು ಅಲ್ಲಿನ ಸುಣ್ಣ ಹಿಡಿದುಕೊಳ್ಳುತ್ತದೆ. ಕೆಜಿ ದರವೂ ನಮಗೆ ಕಮ್ಮಿ ಹೇಳಿದರು. ಆದರೆ ಆ ಕಾರ್ಖಾನೆಗಳಿರುವ ವಾಡಿ, ಸೇಡಂ ಕಡೆಗೆ ಇಲ್ಲಿಂದ ಐನೂರು ಕಿಲೋಮೀಟರ್‌ಗೂ ಮೇಲೆ. ಫೋಮ್‌ನಲ್ಲಿ ಬಹುಪಾಲು ನೀರೇ ಆದ್ದರಿಂದ ಉರುವಲಾಗಿ ಅದಕ್ಕೆ ಬೆಲೆ ಇಲ್ಲ, ಬೇರೆ ತ್ಯಾಜ್ಯದ ಜೊತೆ ಬೆರೆಸಿಯೇ ಹಾಕಬೇಕು. ಲಾರಿ ತುಂಬುವಷ್ಟು ಇದ್ದರೆ ಬರುತ್ತೇವೆ ಅಂದರು. ನಮ್ಮ ಹತ್ತಿರ ಇದ್ದದ್ದು ಕೆಲವು ಬ್ಯಾರೆಲ್.

ಹಾಗಾಗಿ ಇನ್ಸಿನರೇಟರ್. ಪಿಎಫ್‌ಎಎಸ್ ಒಡೆಯೋಕೆ 1,100 ಡಿಗ್ರಿಯಾದರೂ ಬೇಕು ಅನ್ನುತ್ತಾರೆ, ಅಪಾಯಕಾರಿ ತ್ಯಾಜ್ಯ ಸುಡುವ ಕಾಮನ್ ಇನ್ಸಿನರೇಟರ್‌ನ ಎರಡನೇ ಕೋಣೆ ಓಡುವುದು ಆ ಶಾಖದಲ್ಲೇ. ಕೋಟೇಷನ್ ಕೇಳುವಾಗಲೇ ಡಿಗ್ರಿ ಎಷ್ಟು ಅಂತ ಬರಹದಲ್ಲಿ ಕೇಳಿ. ಕಮ್ಮಿ ಶಾಖದಲ್ಲಿ ಸುಟ್ಟರೆ ವಿಷ ಚಿಮಣಿಯಿಂದ ಹೋಗುತ್ತದೆ, ಅಷ್ಟೇ. ಲ್ಯಾಂಡ್‌ಫಿಲ್‌ಗೆ ಕಳಿಸೋಣ ಅಂದರೆ ಬೇಡ ಅನ್ನಿ. ಗಟ್ಟಿ ಮಾಡಿ ಹೂತರೂ ಇದು ನಿಧಾನಕ್ಕೆ ಸೋರುವ ಜಾತಿ.

ಈಗ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು. ತೊಳೆದ ನೀರು!

ಇದನ್ನು ಯಾವ ಕೋಟೇಷನ್ನೂ ಹೇಳುವುದಿಲ್ಲ. ಟ್ಯಾಂಕಿನ ಕೆಳಗಿನ ವಾಲ್ವ್ ತೆಗೆದರೆ ಫೋಮ್ ಇಳಿದು ಬರುತ್ತದೆ, ಜೇನಿನ ಬಣ್ಣ, ಸ್ವಲ್ಪ ಸಿಹಿ ವಾಸನೆ. ಅದು ಸುಲಭ. ಆದರೆ ಫ್ಲೋರಿನ್ ಅಂಶ ಟ್ಯಾಂಕಿನ, ಪೈಪಿನ ಒಳಮೈಗೆ ಪದರವಾಗಿ ಅಂಟಿರುತ್ತದೆ. ತೊಳೆಯದೆ ಹೊಸ ಫೋಮ್ ತುಂಬಿದರೆ ಅದೂ ಕೆಡುತ್ತದೆ, ಕೊಟ್ಟ ದುಡ್ಡು ನೀರಲ್ಲಿ ಹೋಮ. ತೊಳೆಯೋಕೆ ನೀರು ಬಿಟ್ಟರೋ, ಆ ನೀರೂ ಅಪಾಯಕಾರಿ ತ್ಯಾಜ್ಯ. ಅದನ್ನೂ ಕೆಜಿ ಲೆಕ್ಕದಲ್ಲೇ ತೂಗುತ್ತಾರೆ.

ನಮ್ಮ ಹುಡುಗ ಪೈಪಿಗೆ ಪ್ರೆಷರ್ ಕೊಟ್ಟು ಬಿಟ್ಟ ನೋಡಿ, ಟ್ಯಾಂಕಿನ ಮ್ಯಾನ್‌ಹೋಲ್‌ನಿಂದ ನೊರೆ ಹಾಲು ಉಕ್ಕಿದ ಹಾಗೆ ಉಕ್ಕಿತು. ಕೆಳಗಿಟ್ಟ ಬ್ಯಾರೆಲ್‌ನಲ್ಲಿ ನೀರು ಕಾಲು ಭಾಗವೂ ಇಲ್ಲ, ಬಾಯಿಂದ ನೊರೆ ಹೊರಗೆ. ನೆಲಕ್ಕೆ ಮರದ ಪುಡಿ ಹಾಕಿ ಬಾಚಿದೆವು. ಆ ಪುಡಿಯೂ ಬ್ಯಾರೆಲ್‌ಗೇ ಹೋಯಿತು, ಅದೂ ತೂಕಕ್ಕೆ. ಆಮೇಲೆ ಕಂಡುಕೊಂಡ ಉಪಾಯ ಇಷ್ಟು. ಉಗುರು ಬೆಚ್ಚಗಿನ ನೀರು, ಪ್ರೆಷರ್ ಇಲ್ಲದೆ, ಕೆಳಗಿನಿಂದ ನಿಧಾನಕ್ಕೆ ತುಂಬಬೇಕು. ಒಂದು ರಾತ್ರಿ ಹಾಗೇ ಬಿಡಬೇಕು. ಬ್ಯಾರೆಲ್‌ಗೆ ಇಳಿಸುವಾಗ ಪೈಪಿನ ತುದಿ ತಳ ಮುಟ್ಟಿರಬೇಕು, ಮೋಟಾರು ಬೇಡ, ಕೈ ಪಂಪು ಸಾಕು. ಮೇಲೆ ಒಂದು ಗೇಣು ಖಾಲಿ ಬಿಡಿ.

ಹೀಗೆ ಮಾಡಿದರೂ ತೊಳೆದ ನೀರಿನ ತೂಕ ಮೂಲ ಫೋಮನ್ನು ಮೀರಿಸಿತು. ಆಕ್ಟಿವೇಟೆಡ್ ಕಾರ್ಬನ್‌ನಲ್ಲಿ ಸೋಸಿ, ಕಾರ್ಬನ್ ಮಾತ್ರ ಸುಡೋಕೆ ಕಳಿಸುವ ಪದ್ಧತಿ ಇದೆ. ದೊಡ್ಡ ರಿಫೈನರಿಗೆ ಸರಿ. ಸೋಸಿದ ನೀರು ಶುದ್ಧ ಅಂತ ಲ್ಯಾಬಿನಿಂದ ಬರೆಸಿಕೊಳ್ಳುವ ಖರ್ಚು ನಮ್ಮಂಥವರಿಗೆ ಎಟುಕುವುದಿಲ್ಲ. ಅದಕ್ಕೇ ಎರಡನೇ ಟ್ಯಾಂಕನ್ನು ತೊಳೆಯಲೇ ಇಲ್ಲ. ಅದು ಎಚ್‌ಡಿಪಿಇ ಪ್ಲಾಸ್ಟಿಕ್ ಟ್ಯಾಂಕು. ಕತ್ತರಿಸಿ, ಹೋಸ್ ಪೈಪು, ಫೋಮನ್ನು ನೀರಿಗೆ ಬೆರೆಸುವ ಪ್ರಪೋರ್ಷನರ್ ಸಮೇತ ಅದೇ 2016ರ ನಿಯಮದ ಶೆಡ್ಯೂಲ್ 1ರ 33.1ರ ಅಡಿ, ಅಂದರೆ ರಾಸಾಯನಿಕ ಅಂಟಿದ ಖಾಲಿ ಡಬ್ಬಿಗಳ ಲೆಕ್ಕದಲ್ಲಿ, ಕಳಿಸಿದೆವು. ಹೊಸ ಟ್ಯಾಂಕಿನ ಬೆಲೆ ಸೇರಿಸಿದರೂ ತೊಳೆಯುವುದಕ್ಕಿಂತ ಅಗ್ಗವೇ ಬಿತ್ತು. ಸ್ಟೀಲ್ ಟ್ಯಾಂಕ್ ಇದ್ದವರಿಗೆ ಈ ಸೌಲಭ್ಯ ಇಲ್ಲ, ಪಾಪ.

ಕಾಗದದ ಬಗ್ಗೆ ಎರಡು ಮಾತು. ಮಂಡಳಿ ನಿಮಗೆ ಕೊಟ್ಟ ತ್ಯಾಜ್ಯದ ಆಥರೈಸೇಷನ್‌ನಲ್ಲಿ ಬರೀ ವೇಸ್ಟ್ ಆಯಿಲ್ ಇದ್ದರೆ ಫೋಮನ್ನೂ ಅದರಲ್ಲಿ ಸೇರಿಸಿಕೊಂಡೇ ಟ್ಯಾಂಕಿಗೆ ಕೈ ಹಾಕಿ. ಇಟ್ಟುಕೊಳ್ಳೋಕೆ ಇರುವುದು 90 ದಿನ. ಮ್ಯಾನಿಫೆಸ್ಟ್ ಏಳು ಬಣ್ಣದ ಪ್ರತಿ. ಹಳದಿ ನಮ್ಮಲ್ಲೇ ಉಳಿಯುತ್ತದೆ, ಮಾಲು ಮುಟ್ಟಿದ ಮೇಲೆ ನೀಲಿ ಇನ್ಸಿನರೇಟರ್‌ನವರಿಂದ ಬರಬೇಕು. ನೀಲಿ ಬರುವವರೆಗೆ ಬಿಲ್ಲಿನ ಪೂರ್ತಿ ದುಡ್ಡು ಕೊಡಬೇಡಿ.

ನಾನು ಇನ್ಸಿನರೇಟರ್ ಅನ್ನುವುದು ನಮ್ಮ ಅಳತೆಗೆ, ಮತ್ತೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಲಾರದ ನನ್ನ ಸ್ವಭಾವಕ್ಕೆ. ಟ್ಯಾಂಕರ್ ಲೆಕ್ಕದಲ್ಲಿ ಫೋಮ್ ಇರುವವರು ಕಣ್ಣು ಮುಚ್ಚಿಕೊಂಡು ಸಿಮೆಂಟ್ ಗೂಡಿಗೆ ಹೋಗಿ. ನನಗೂ ಆಸೆ ಇದೆ. ನಮ್ಮ ಬೀದಿಯಲ್ಲಿ ಹಳೇ ಫೋಮ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಎಲ್ಲರೂ ಒಂದೇ ಸಲ ಬುಕ್ ಮಾಡಿ, ಅವರವರ ಮ್ಯಾನಿಫೆಸ್ಟ್ ಅವರವರು ಮಾಡಿಸಿಕೊಂಡರೆ ಒಂದು ಲಾರಿ ತುಂಬೀತು. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎತ್ತಿದ್ದೇನೆ. ಸದ್ಯಕ್ಕೆ ತಲೆಯಾಡಿಸಿದ್ದಾರೆ.