ಬಲ್ಕ್ ಎಸ್‌ಎಂಎಸ್: ಐದು ವರ್ಷ ಬಳಸಿದ ಮೇಲೆ, ಬಿಲ್ಲಿನ ಭಾಷೆ ಕಲಿತ ಮೇಲೆ

ಸಾಗರ ತಾಲ್ಲೂಕಿನ ಒಂದು ಸಣ್ಣ ಪತ್ತಿನ ಸಹಕಾರ ಸಂಘಕ್ಕೆ ನಾನು ಕಾರ್ಯದರ್ಶಿ. 2021ರ ಫೆಬ್ರುವರಿಯಿಂದ ಒಂದೇ ಕಂಪನಿಯ ಬಲ್ಕ್ ಎಸ್‌ಎಂಎಸ್ ಸೇವೆ ಬಳಸುತ್ತಿದ್ದೇವೆ. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳಲಿರುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಯಾರ ಹತ್ತಿರ ಹೋದರೂ ತಪ್ಪಿದ್ದಲ್ಲ. ಐದಕ್ಕೆ ಮೂರೂವರೆ ಸ್ಟಾರ್. ನಾಲ್ಕೇ ಕೊಡಬೇಕೆಂದಿದ್ದೆ, ಅರ್ಧ ಕಳೆದದ್ದು ಅವರಾಡುವ ಭಾಷೆಗೆ. ಈ ವ್ಯಾಪಾರದ ಒಂದೊಂದು ಶಬ್ದದ ಅರ್ಥವನ್ನೂ ನಾನು ಕಲಿತದ್ದು ದುಡ್ಡು ಕಳೆದುಕೊಂಡು, ಇಲ್ಲವೇ ಸದಸ್ಯರಿಂದ ಬೈಸಿಕೊಂಡು. ನೀವು ಪುಕ್ಕಟೆ ಕಲಿಯಿರಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮಗೆ ಎಸ್‌ಎಂಎಸ್ ಯಾಕೆ ಬೇಕಾಯಿತು ಎಂದರೆ ಪಿಗ್ಮಿಗೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಶುರುಮಾಡಿದ ಪದ್ಧತಿ ಇದು. ಏಜೆಂಟ್ ದಿನವೂ ಅಂಗಡಿ ಬಾಗಿಲಿಗೇ ಬಂದು ಚಿಲ್ಲರೆ ಉಳಿತಾಯ ಕಟ್ಟಿಸಿಕೊಳ್ಳುತ್ತಾನೆ. ನಮ್ಮಲ್ಲಿ 640 ಪಿಗ್ಮಿ ಖಾತೆಗಳಿವೆ. ಹೂವಿನವರು, ಚಹಾದಂಗಡಿಯವರು, ಆಟೋದವರು. ಏಜೆಂಟ್ ಯಂತ್ರದಲ್ಲಿ 200 ಎಂದು ಒತ್ತಿದ ಕೂಡಲೇ ಕಟ್ಟಿದವರ ಮೊಬೈಲು ಟಿಣ್ ಎಂದರೆ ಅವರಿಗೂ ಸಮಾಧಾನ, ಏಜೆಂಟನಿಗೂ ಸಮಾಧಾನ, ನನಗಂತೂ ರಾತ್ರಿ ನಿದ್ದೆ. ಅರ್ಧಕ್ಕರ್ಧ ಜನರ ಕೈಲಿರುವುದು ಬಟನ್ ಫೋನು. ಹಾಗಾಗಿ ವಾಟ್ಸಾಪ್ ಮಾತು ಎತ್ತುವ ಹಾಗೇ ಇರಲಿಲ್ಲ.

ಮೊದಲು ಎದುರಾದ ಶಬ್ದ ಡಿಎಲ್‌ಟಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಕಂಪನಿಯ ಹೆಸರಿನಲ್ಲಿ ಸಂದೇಶ ಕಳಿಸುವ ಯಾರೇ ಆದರೂ ಟೆಲಿಕಾಂ ಕಂಪನಿಗಳ ಈ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಬೇಕು. ಒಳಗೆ ಬ್ಲಾಕ್‌ಚೈನ್ ಇದೆಯಂತೆ, ಇರಲಿ. ನಮ್ಮ ಮಟ್ಟಿಗೆ ಅದು ಉಪನೋಂದಣಿ ಕಚೇರಿಯ ಹಾಗೆ. ಸಂಘದ ನೋಂದಣಿ ಪತ್ರ, ಪ್ಯಾನ್, ಅಧಿಕಾರ ಪತ್ರ ಕೊಟ್ಟು, 5,000ಕ್ಕೆ ಜಿಎಸ್‌ಟಿ ಸೇರಿಸಿ 5,900 ರೂಪಾಯಿ ಕಟ್ಟಿದೆವು. ಪಿಇ ಐಡಿ ಎಂಬ ಉದ್ದನೆಯ ನಂಬರು ಬಂತು. ಪಿಇ ಎಂದರೆ ಪ್ರಿನ್ಸಿಪಲ್ ಎಂಟಿಟಿ, ಅಂದರೆ ನಾವೇ. ನಮಗೆ ಎಸ್‌ಎಂಎಸ್ ಮಾರುವ ಕಂಪನಿ ಟೆಲಿಮಾರ್ಕೆಟರ್. ಫೋನ್ ಮಾಡಿ ಸಾಲ ಬೇಕಾ ಎನ್ನುವವರಷ್ಟೇ ಟೆಲಿಮಾರ್ಕೆಟರ್ ಎಂದುಕೊಂಡಿದ್ದೆ, ಇಲ್ಲಿ ಹಾಗಲ್ಲ.

ಆಮೇಲೆ ಹೆಡರ್. ಸೆಂಡರ್ ಐಡಿ ಎಂದರೂ ಅದೇ. ಸಂಘದ ಹೆಸರಿಗೆ ಹೊಂದುವ ಆರು ಇಂಗ್ಲಿಷ್ ಅಕ್ಷರ. ಫೋನಿನಲ್ಲಿ ಅದಕ್ಕೆ ಮೊದಲು ಇನ್ನೆರಡು ಅಕ್ಷರ, ಒಂದು ಗೀಟು. ನಮ್ಮ ನಿರ್ದೇಶಕರೊಬ್ಬರು ಮೊಬೈಲು ಹಿಡಿದುಕೊಂಡೇ ಬಂದು, “ಏನ್ ಮಾರಾಯ್ರೇ, ಎಎಕ್ಸ್ ಅಂದ್ರೆ ಯಾರು? ನಮ್ಮ ಸಂಘದಲ್ಲಿ ಅಂಥವರಿಲ್ವಲ್ಲ” ಎಂದರು. ಮೊದಲನೆಯದು ಟೆಲಿಕಾಂ ಕಂಪನಿಯ ಗುರುತು: ಏರ್‌ಟೆಲ್‌ಗೆ ಎ, ಜಿಯೋಗೆ ಜೆ, ಬಿಎಸ್‌ಎನ್‌ಎಲ್‌ಗೆ ಬಿ, ವೊಡಾಫೋನ್ ಐಡಿಯಾಗೆ ವಿ. ಎರಡನೆಯದು ವಲಯದ್ದು. ಕರ್ನಾಟಕಕ್ಕೆ ಎಕ್ಸ್. ಕೆ ಅಕ್ಷರವನ್ನು ಕೋಲ್ಕತ್ತಾ ಹೊಡೆದುಕೊಂಡಿದೆ. 2025ರಿಂದ ಹೆಡರಿನ ಕೊನೆಗೂ ಒಂದು ಅಕ್ಷರ ಬರುತ್ತಿದೆ: ಪ್ರಚಾರದ್ದಾದರೆ ಪಿ, ಸೇವೆಯದ್ದಾದರೆ ಎಸ್, ವಹಿವಾಟಿನದ್ದಾದರೆ ಟಿ, ಸರ್ಕಾರದ್ದಾದರೆ ಜಿ. ಇದು ಒಳ್ಳೆಯ ಕೆಲಸ. ಸದಸ್ಯರಿಗೂ ಹೇಳಿಕೊಟ್ಟಿದ್ದೇವೆ: ನಮ್ಮ ಪಿಗ್ಮಿ ಸಂದೇಶದ ಬಾಲದಲ್ಲಿ ಪಿ ಕಂಡರೆ ನಂಬಬೇಡಿ.

ಇನ್ನು ದುಡ್ಡು ನುಂಗಿದ ಶಬ್ದಕ್ಕೆ ಬರುತ್ತೇನೆ. ಕ್ರೆಡಿಟ್. ಸೇಲ್ಸ್‌ನವರು ಹೇಳಿದ್ದು “ಒಂದು ಎಸ್‌ಎಂಎಸ್‌ಗೆ 22 ಪೈಸೆ ಸಾರ್.” ಬಿಲ್ಲಿನಲ್ಲಿ ಇದ್ದದ್ದು ಒಂದು ಕ್ರೆಡಿಟ್‌ಗೆ 22 ಪೈಸೆ. ಎರಡೂ ಒಂದೇ ಎಂದುಕೊಂಡೆ. ಮೊದಲ ತಿಂಗಳು ಹತ್ತಿರ ಹತ್ತಿರ 16,000 ಸಂದೇಶ ಹೋಗಿತ್ತು. ಖರ್ಚಾದದ್ದು 32,000 ಕ್ರೆಡಿಟ್. ಯಾರೋ ಪಾಸ್‌ವರ್ಡ್ ಕದ್ದರೇ ಎಂದು ಗಾಬರಿಯಾಗಿ ಫೋನ್ ಮಾಡಿದೆ. ಸಪೋರ್ಟಿನ ಹುಡುಗ ಸಂದೇಶ ನೋಡಿ, “ಸಾರ್, ರೂಪಾಯಿ ಚಿಹ್ನೆ ಹಾಕಿದೀರಲ್ಲ” ಎಂದ. ಆಗ ನಾವು ಇಂಗ್ಲಿಷಿನಲ್ಲೇ ಕಳಿಸುತ್ತಿದ್ದೆವು, 118 ಅಕ್ಷರ. ಅದರಲ್ಲೊಂದು ₹.

ಲೆಕ್ಕ ಹೀಗಿದೆ. ಒಂದು ಎಸ್‌ಎಂಎಸ್‌ನಲ್ಲಿ ಇರುವುದು 140 ಬೈಟ್, ಅಂದರೆ 1,120 ಬಿಟ್ ಜಾಗ. ಹಳೆಯ ಇಂಗ್ಲಿಷ್ ಅಕ್ಷರಮಾಲೆಯ ಒಂದೊಂದಕ್ಕೂ ಏಳು ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತದೆ. ಆ ಮಾಲೆಯಲ್ಲಿಲ್ಲದ ಒಂದೇ ಒಂದು ಚಿಹ್ನೆ ನುಸುಳಿದರೂ ಇಡೀ ಸಂದೇಶ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಪಟ್ಟಿಗೆ ಸೇರಿದ್ದು ಆಗುತ್ತದೆ, ಪ್ರತಿ ಅಕ್ಷರಕ್ಕೂ 16 ಬಿಟ್, ಹಿಡಿಯುವುದು 70. ಅದನ್ನೂ ಮೀರಿದರೆ ತುಂಡು ಮಾಡಿ ಕಳಿಸುತ್ತಾರೆ. ತುಂಡುಗಳನ್ನು ಫೋನಿನಲ್ಲಿ ಮತ್ತೆ ಜೋಡಿಸುವ ಗುರುತಿಗೂ ಜಾಗ ಬೇಕಲ್ಲ, ಆದ್ದರಿಂದ ತುಂಡಿಗೆ ಇಂಗ್ಲಿಷಾದರೆ 153, ಯೂನಿಕೋಡಾದರೆ 67. ನೋಡುವವರಿಗೆ ಒಂದೇ ಸಂದೇಶ, ಬಿಲ್ಲಿಗೆ ಎರಡು ಕ್ರೆಡಿಟ್. ಒಂದು ₹ ಚಿಹ್ನೆಯ ಬೆಲೆ ತಿಂಗಳಿಗೆ 3,520 ರೂಪಾಯಿ ಆಯಿತು.

ಆ ರಾತ್ರಿಯೇ ಸಾಫ್ಟ್‌ವೇರ್‌ನವನಿಗೆ ಹೇಳಿ ಚಿಹ್ನೆ ತೆಗೆಸಿ, ಅದರ ಬದಲು ಇಂಗ್ಲಿಷಿನ ಆರ್‌ಎಸ್ ಹಾಕಿಸಿದೆ. ಜಾಣತನ ಮಾಡಿದೆ ಎಂದುಕೊಂಡೆ. ಒಂದು ವಾರ ಎಲ್ಲ ಸರಿಯಾಗಿತ್ತು. 2021ರ ಮಾರ್ಚ್ 8ಕ್ಕೆ ಒಂದೂ ಸಂದೇಶ ಹೋಗಲಿಲ್ಲ. ಅವತ್ತು ನಾನು ಕಲಿತ ಶಬ್ದ ಸ್ಕ್ರಬಿಂಗ್.

ಅದಕ್ಕೆ ಮೊದಲು ಟೆಂಪ್ಲೇಟ್ ಎಂದರೇನು ಹೇಳಬೇಕು. ನೀವು ಕಳಿಸುವ ಸಂದೇಶದ ಒಕ್ಕಣೆಯನ್ನು ಡಿಎಲ್‌ಟಿಯಲ್ಲಿ ಮೊದಲೇ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಮೊತ್ತ, ದಿನಾಂಕದಂಥ ಬದಲಾಗುವ ಜಾಗಗಳನ್ನು ವೇರಿಯಬಲ್ ಎಂದು ಖಾಲಿ ಬಿಡಬಹುದು, ಆಗ ಒಂದೊಂದರಲ್ಲೂ 30 ಅಕ್ಷರದೊಳಗೆ ಇರಬೇಕಿತ್ತು. ಉಳಿದದ್ದು ಚುಕ್ಕಿ, ಸ್ಪೇಸು ಸಮೇತ ಹಾಗೇ ಇರಬೇಕು. ಹೊರಡುವ ಪ್ರತಿ ಸಂದೇಶವನ್ನೂ ಈ ಒಪ್ಪಿತ ಒಕ್ಕಣೆಗೆ ತಾಳೆ ನೋಡಿ, ಹೊಂದದ್ದನ್ನು ಕಸಕ್ಕೆ ಹಾಕುವುದೇ ಸ್ಕ್ರಬಿಂಗ್. ನಮ್ಮ ಟೆಂಪ್ಲೇಟಿನಲ್ಲಿ ಇನ್ನೂ ₹ ಇತ್ತು, ಸಾಫ್ಟ್‌ವೇರ್‌ನಲ್ಲಿ ಆರ್‌ಎಸ್! ಈ ತಾಳೆ ಗಟ್ಟಿಯಾಗಿ ಶುರುವಾದದ್ದೇ ಅವತ್ತು. ನಮ್ಮದು ಬಿಡಿ, ದೇಶದ ತುಂಬ ಬ್ಯಾಂಕಿನ ಒಟಿಪಿಗಳೇ ಬಾರದೆ ಜನ ಒದ್ದಾಡಿದರು. ಮರುದಿನ ಟ್ರಾಯ್ ಏಳು ದಿನ ಸ್ಕ್ರಬಿಂಗ್ ನಿಲ್ಲಿಸಿತು. ಆ ಏಳು ದಿನದಲ್ಲಿ ಹೊಸ ಟೆಂಪ್ಲೇಟ್ ಮಾಡಿಸಿದೆವು. ದೊಡ್ಡವರೂ ನಮ್ಮ ಹಾಗೇ ಎಡವಿದರಲ್ಲ ಎಂದು ಸಣ್ಣ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಇಂಗ್ಲಿಷ್ ಸಂದೇಶ ಒಂದೂವರೆ ವರ್ಷ ನಡೆಯಿತು. ಆದರೆ ಹೂ ಮಾರುವ ಅಜ್ಜಿಯೊಬ್ಬರು ಪ್ರತಿ ಸೋಮವಾರ ಕೌಂಟರಿಗೆ ಬಂದು ಫೋನು ಮುಂದಿಟ್ಟು “ಇದ್ರಾಗೆ ಎಷ್ಟೈತೆ ಓದಿ ಹೇಳಪ್ಪ” ಎನ್ನುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತದೆ. ಮೆಸೇಜ್ ಕನ್ನಡದಲ್ಲೇ ಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿತು. ನಾನು ಬರೆದ ಒಕ್ಕಣೆ: “ಮಾನ್ಯ ಸದಸ್ಯರೇ, ನಿಮ್ಮ ಪಿಗ್ಮಿ ಖಾತೆಗೆ ರೂ. 200 ಜಮಾ ಆಗಿದೆ. ಒಟ್ಟು ರೂ. 14,600. ಧನ್ಯವಾದಗಳು.” ಕಣ್ಣಿಗೆ ಪುಟ್ಟದು. ಎಣಿಸಿದರೆ 83. ಸಂಘದ ಹೆಸರು ಸೇರಿಸಿದರೆ 115. ಮತ್ತೆ ಎರಡು ಕ್ರೆಡಿಟ್.

ಯಾಕೆಂದರೆ ಕನ್ನಡದಲ್ಲಿ ನಾವು ಅಕ್ಷರ ಎನ್ನುವುದೇ ಬೇರೆ, ಇವರು ಎಣಿಸುವುದೇ ಬೇರೆ. ವ್ಯಂಜನಕ್ಕೊಂದು, ಕಾಗುಣಿತದ ಗುರುತಿಗೊಂದು, ಒತ್ತು ಬಂದರೆ ಹಲಂತಕ್ಕೆ ಇನ್ನೊಂದು. “ಮಾನ್ಯ ಸದಸ್ಯರೇ” ಎಂದರೆ ನಮಗೆ ಆರಕ್ಷರ, ಅವರಿಗೆ ಸ್ಪೇಸು ಸೇರಿ 13. “ಸ್ತ್ರೀ” ಎಂಬ ಒಂದಕ್ಷರಕ್ಕೆ ಆರು ಜಾಗ. ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳ ಖಾತೆಗಳೂ ಇವೆ. ಆ ಹೆಸರು ಬರೆದರೆ 11 ಹೋಯಿತು. ಕನ್ನಡಕ್ಕೆಂದೇ ಏಳು ಬಿಟ್ಟಿನ ಪಟ್ಟಿಯೊಂದು ಮೊಬೈಲ್ ಮಾನದಂಡದ ಪುಸ್ತಕದಲ್ಲಿ ಇದೆ. ಹಿಂದಿ, ತಮಿಳು, ತೆಲುಗಿಗೂ ಇದೆ. ಅದನ್ನು ಬಳಸಿದರೆ ಒಂದೇ ಸಂದೇಶದಲ್ಲಿ ನೂರೈವತ್ತರ ಆಸುಪಾಸು ಹಿಡಿಯಬೇಕು. ನಮ್ಮ ಕಂಪನಿಯವರನ್ನು ಕೇಳಿದೆ. ಹೆಸರೇ ಕೇಳಿರಲಿಲ್ಲ. “ಯೂನಿಕೋಡ್ ಅಂದ್ರೆ ಯೂನಿಕೋಡೇ ಸಾರ್” ಎಂದರು. ಕನ್ನಡದಲ್ಲಿ ಲೆಕ್ಕ ಹೇಳುವುದಕ್ಕೆ ದುಪ್ಪಟ್ಟು ಕೊಡಬೇಕಾಗಿ ಬಂದದ್ದು ನನಗೆ ಇವತ್ತಿಗೂ ಉರಿಯುವ ಸಂಗತಿ. ಬಾಕಿ ಎಲ್ಲ ಸೈರಿಸಿಕೊಂಡೆ, ಇದೊಂದನ್ನು ಆಗಿಲ್ಲ.

ಒಂದು ಭಾನುವಾರ ಕೂತು ಕತ್ತರಿ ಆಡಿಸಿದೆ. ಮಾನ್ಯ ಸದಸ್ಯರು ಹೋದರು. ಖಾತೆ ಹೋಯಿತು. ಧನ್ಯವಾದ ಹೋಯಿತು. ಉಳಿದದ್ದು: “ಪಿಗ್ಮಿ ಜಮಾ ರೂ.200. ಒಟ್ಟು ರೂ.14,600.” ಆಮೇಲೆ ಸಂಘದ ಹೆಸರು. ಒಟ್ಟು 67. ಗೆದ್ದೆ ಎಂದುಕೊಂಡೆ. ತಿಂಗಳ ಕೊನೆಗೆ ನೋಡಿದರೆ ಕೆಲವು ಸಂದೇಶಗಳಿಗೆ ಮಾತ್ರ ಎರಡು ಕ್ರೆಡಿಟ್ ಕಡಿದಿದೆ. ಹುಡುಕಿದಾಗ ಸಿಕ್ಕಿದ್ದು ಕಿರಾಣಿ ಅಂಗಡಿಯವರ ಖಾತೆ: ಜಮಾ 1,000, ಒಟ್ಟು 1,14,600. ಅಂಕಿಗಳ ನಡುವಿನ ಅಲ್ಪವಿರಾಮ ಸೇರಿ ಸರಿಯಾಗಿ 71. ಒಂದು ಹೆಚ್ಚು! ಅಲ್ಪವಿರಾಮ ತೆಗೆಸಿದ ಮೇಲೆ ಅವರದೂ 68ಕ್ಕೆ ನಿಂತಿತು. ಅಂಕಿ ವೇರಿಯಬಲ್ ಒಳಗೆ ಇದ್ದದ್ದರಿಂದ ಟೆಂಪ್ಲೇಟ್ ಮುಟ್ಟಬೇಕಾಗಲಿಲ್ಲ.

ಇನ್ನು ರೂಟ್, ಅಂದರೆ ಸಂದೇಶ ಯಾವ ವರ್ಗದಲ್ಲಿ ಹೋಗಬೇಕು ಎಂಬ ವಿಷಯ. ಶುರುವಿನಲ್ಲಿ ನಮ್ಮದು ಟ್ರಾನ್ಸಾಕ್ಷನಲ್ ಎಂದು ನಾನು ವಾದಿಸಿದ್ದೆ. ದುಡ್ಡಿನ ವಹಿವಾಟು ತಾನೇ? ಅಲ್ಲವಂತೆ. ಆಗ ಆ ಹೆಸರು ಮೀಸಲಿದ್ದದ್ದು ಬ್ಯಾಂಕುಗಳ ಒಟಿಪಿಗೆ. ನಮ್ಮದು ಸರ್ವಿಸ್ ಇಂಪ್ಲಿಸಿಟ್, ಎಂದರೆ ಗಿರಾಕಿ ತಾನೇ ಮಾಡಿದ ಕೆಲಸಕ್ಕೆ ಹೋಗುವ ತಿಳಿವಳಿಕೆ. ಒಪ್ಪಿಗೆ ಕೇಳಿಯೇ ಕಳಿಸಬೇಕಾದದ್ದು ಸರ್ವಿಸ್ ಎಕ್ಸ್‌ಪ್ಲಿಸಿಟ್. ಉಳಿದದ್ದೆಲ್ಲ ಪ್ರೊಮೋಷನಲ್, ಅದು ರಾತ್ರಿ 9ರ ಮೇಲೆ ಹೋಗುವುದಿಲ್ಲ. ಒಂದು ವರ್ಷ ಸೆಪ್ಟೆಂಬರಿನ ಮಹಾಸಭೆಯ ಸೂಚನೆಯನ್ನು, ಬೇಗ ಆಗುತ್ತದೆ ಎಂಬ ಸಪೋರ್ಟಿನವರ ಮಾತು ಕೇಳಿ ಪ್ರೊಮೋಷನಲ್‌ನಲ್ಲಿ ಬಿಟ್ಟೆ. ಅಲ್ಲಿ ಹೆಡರ್ ಬದಲು ಬರಿ ಅಂಕಿ. ಯಾರೂ ನಮ್ಮದೆಂದು ನಂಬಲಿಲ್ಲ. ಪ್ರಚಾರದ ಸಂದೇಶ ಬೇಡವೆಂದು 1909ಕ್ಕೆ ಹೇಳಿ ಡಿಎನ್‌ಡಿ ಹಾಕಿಸಿಕೊಂಡವರಿಗಂತೂ ತಲುಪಲೇ ಇಲ್ಲ. ಸಭೆಯಲ್ಲಿ ಮೈಕು ಹಿಡಿದು ಬೈದವರು ಅವರೇ. ಕಾಗದದ ನೋಟಿಸು ಅಂಚೆಯಲ್ಲಿ ಹೋಗಿದ್ದಕ್ಕೆ ಬಚಾವಾದೆ.

ಡಿಎಲ್‌ಆರ್, ಅಂದರೆ ಡೆಲಿವರಿ ರಿಪೋರ್ಟ್, ದಿನವೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಬ್‌ಮಿಟೆಡ್ ಎಂದರೆ ತಲುಪಿತು ಎಂದಲ್ಲ. ನಾವು ಕೊಟ್ಟೆವು, ಅವರು ತೆಗೆದುಕೊಂಡರು, ಅಷ್ಟೇ. ಡೆಲಿವರ್ಡ್ ಎಂದಿದ್ದರೆ ಫೋನಿಗೆ ಬಿತ್ತು. ಶರಾವತಿ ಹಿನ್ನೀರಿನ ಆಚೆಯ ನಮ್ಮ ಸದಸ್ಯರಿಗೆ ಮೂರನೆಯ ಪದವೇ ಹೆಚ್ಚು: ಎಕ್ಸ್‌ಪೈರ್ಡ್. ಫೋನಿಗೆ ಸಿಗ್ನಲ್ ಸಿಗದೆ ಕಾದು ಕಾದು ಅವಧಿ ಮುಗಿದದ್ದು. 2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆಯಾಗಿ ಲಾಂಚ್ ಕಾಯುವುದು ತಪ್ಪಿತು, ಸಂದೇಶ ಕಾಯುವುದು ತಪ್ಪಿಲ್ಲ. ನಮ್ಮ ಕರಾರಿನಲ್ಲಿ ದುಡ್ಡು ಕಡಿಯುವುದು ಸಬ್‌ಮಿಟ್‌ಗೆ, ತಲುಪಲಿ ಬಿಡಲಿ. ಸಹಿ ಹಾಕುವ ಮುಂಚೆ ಈ ಒಂದು ಸಾಲು ಓದಿರಲಿಲ್ಲ.

ಈಚೆಗೆ ಬಂದ ಎರಡು ಶಬ್ದ. 2024ರ ಅಕ್ಟೋಬರ್‌ನಿಂದ ಸಂದೇಶದಲ್ಲಿ ಲಿಂಕ್ ಹಾಕುವುದಾದರೆ ಅದನ್ನು ಮೊದಲೇ ವೈಟ್‌ಲಿಸ್ಟ್ ಮಾಡಿಸಬೇಕು, ಅಂದರೆ ಒಪ್ಪಿತ ಪಟ್ಟಿಗೆ ಸೇರಿಸಬೇಕು. ವಂಚನೆಯ ಲಿಂಕು ನೋಡಿ ಸುಸ್ತಾದವರಿಗೆ ಇದು ಬೇಕಾಗಿದ್ದೇ. ನಾವು ಲಿಂಕ್ ಕಳಿಸುವುದನ್ನೇ ಬಿಟ್ಟೆವು. ಇನ್ನೊಂದು ಚೈನ್ ಬೈಂಡಿಂಗ್: ನಮ್ಮಿಂದ ಟೆಲಿಕಾಂ ಕಂಪನಿಯವರೆಗೆ ಸಂದೇಶ ಯಾರ್ಯಾರ ಕೈ ದಾಟುತ್ತದೋ ಆ ಸರಪಳಿಯನ್ನು ಮೊದಲೇ ಘೋಷಿಸಬೇಕು. ನಮ್ಮ ಕಂಪನಿ ತನ್ನ ಮೇಲಿನವರನ್ನು ನಮಗೆ ಹೇಳದೆ ಬದಲಿಸಿತು, ಸರಪಳಿ ತುಂಡಾಯಿತು, ಎರಡು ದಿನ ಒಂದೂ ಸಂದೇಶವಿಲ್ಲ. ಏಜೆಂಟರು ಅಂಗಡಿ ಅಂಗಡಿಯಲ್ಲೂ ಸಮಜಾಯಿಷಿ ಕೊಟ್ಟು ಸುಸ್ತಾದರು. ಕ್ಷಮಾಪಣೆಯ ಇಮೇಲ್ ಬಂತು, ಕ್ರೆಡಿಟ್ ವಾಪಸ್ ಬರಲಿಲ್ಲ. ಇದೊಂದು ಪೂರ್ತಿ ಅವರದೇ ತಪ್ಪು.

ಮೆಚ್ಚಿದ್ದೂ ಇದೆ. ಫೋನ್ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಮಾಮೂಲಿ ದಿನ ಏಜೆಂಟ್ ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಸಂದೇಶ ಬಂದಿರುತ್ತದೆ. ಹೂವಿನ ಅಜ್ಜಿ ಈಗ ಸೋಮವಾರ ಬರುವುದು ಬರಿ ಮಾತಾಡಿಸಲಿಕ್ಕೆ.

ಅಧ್ಯಕ್ಷರಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ದುಡ್ಡು ಕಟ್ಟಿದವರಿಗೆ ಒಂದು ಧನ್ಯವಾದ ಹೇಳದ ಸಂಘ ಎಂಥದ್ದು ಎಂದು ಮೊನ್ನೆಯೂ ಕೇಳಿದರು. ಎರಡೇ ಜಾಗ ಉಳಿದಿದೆ ಎಂದೆ. “ಸಂಘದ ಹೆಸರಿನ ಕೊನೆಗಿರೋ ನಿಯಮಿತ ತೆಗೀರಿ” ಎಂದರು. ಎಣಿಸಿದೆ. ಸ್ಪೇಸು ಸೇರಿ ಏಳು ಸಿಕ್ಕಿತು. “ಧನ್ಯವಾದಗಳು” ಆಗಲೂ ಹಿಡಿಯುವುದಿಲ್ಲ, “ಗಳು” ಬಿಟ್ಟು “ಧನ್ಯವಾದ” ಎಂದರೆ ಹಿಡಿಯುತ್ತದೆ, 69. ಟೆಂಪ್ಲೇಟ್ ಸಲ್ಲಿಸಿದೆವು. ಮೂರನೆಯ ದಿನ ತಿರಸ್ಕಾರವಾಗಿ ಬಂತು: ನೋಂದಾಯಿತ ಹೆಸರು ಪೂರ್ತಿ ಇಲ್ಲ.