ಪೋಗ್ ಕಟ್ಟಿದ್ದ ಹಳದಿ ಸೀಕೊ: ಡಯಲ್ ನೋಡಿ, ಬಟನ್ ಒತ್ತಿ, ಆಮೇಲೆ ದುಡ್ಡು ಕೊಡಿ

1973ರ ನವೆಂಬರ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣಕ್ಕೆ ಸ್ಕೈಲ್ಯಾಬ್ 4 ಯಾನದಲ್ಲಿ ಹೊರಟ ಗಗನಯಾತ್ರಿ ವಿಲಿಯಂ ಪೋಗ್ ಅವರಿಗೆ ನಾಸಾ ಕೊಟ್ಟ ವಾಚ್ ಒಮೆಗಾ ಸ್ಪೀಡ್‌ಮಾಸ್ಟರ್. ತರಬೇತಿಯಲ್ಲಿ ಕೈಗೆ ಒಗ್ಗಿದ್ದ ಸೀಕೊ 6139ನ್ನೂ ಅವರು ಅನುಮತಿ ಇಲ್ಲದೆಯೇ ಜೇಬಿನಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಅವರಿದ್ದದ್ದು 84 ದಿನ. ತೂಕವೇ ಇಲ್ಲದ ಕಡೆ ಆಟೊಮ್ಯಾಟಿಕ್ ವಾಚ್ ಓಡುತ್ತದೆಯೇ ಎಂದರೆ, ಓಡುತ್ತದೆ: ಕೈಯಾಡಿದರೆ ಸಾಕು, ಸ್ಪ್ರಿಂಗ್ ಸುತ್ತುವ ಒಳಗಿನ ರೋಟರ್ ಜಡತ್ವದಿಂದಲೇ ತಿರುಗುತ್ತದೆ.

ಈ ಸೀಕೊದ ಹೆಚ್ಚುಗಾರಿಕೆ ಸ್ಟಾಪ್‌ವಾಚ್ ಬಟನ್‌ನಲ್ಲಿದೆ. ಹಳೆಯ ಕ್ರೋನೋಗ್ರಾಫ್‌ಗಳಲ್ಲಿ (ಸ್ಟಾಪ್‌ವಾಚ್ ಇರುವ ವಾಚುಗಳಲ್ಲಿ) ಹಲ್ಲಿಗೆ ಹಲ್ಲು ಕೂಡುವಾಗ ಸೆಕೆಂಡ್ ಮುಳ್ಳು ಎಗರುತ್ತದೆ. ಇಲ್ಲಿ ಬಟನ್ನಿನ ಆಜ್ಞೆ ನಡೆಸುವ ಕಾಲಂ ವೀಲ್ ಎಂಬ ಚಕ್ರದ ಜೊತೆ ವರ್ಟಿಕಲ್ ಕ್ಲಚ್. ಬಿಲ್ಲೆ ಬಿಲ್ಲೆಗೆ ಒತ್ತಿ ಕೂರುವುದರಿಂದ ಕೆಂಪು ಮುಳ್ಳು ಬೆಣ್ಣೆಯಂತೆ ಹೊರಡುತ್ತದೆ. 1969ರ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ತೊಂದರೆಯೂ ಅದೇ ಕ್ಲಚ್‌ನಲ್ಲೇ. ಅದನ್ನು ಬಿಚ್ಚಿ ರಿಪೇರಿ ಮಾಡುವಂತೆ ಮಾಡಿಲ್ಲ. ಸರ್ವಿಸ್ ಮಾಡುವವರು ಉಳಿದ ಭಾಗಗಳ ಜೊತೆ ಅದನ್ನೂ ದ್ರಾವಣದಲ್ಲಿ ಅದ್ದಿದರೆ ಒಳಗಿನ ಎಣ್ಣೆ ತೊಳೆದುಹೋಗುತ್ತದೆ. ಆಮೇಲೆ ಮುಳ್ಳು ತಡವರಿಸುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಕೊಳ್ಳುವಾಗ ಮೇಲಿನ ಬಟನ್ ಒತ್ತಿ ಅರ್ಧ ಗಂಟೆ ಓಡಲು ಬಿಡಿ. ಕೆಳಗಿನ ಪುಟ್ಟ ಡಯಲ್‌ನ ಮುಳ್ಳು 30 ನಿಮಿಷದ ಒಂದು ಸುತ್ತು ಮುಗಿಸಬೇಕು. ನಿಲ್ಲಿಸಿ ರೀಸೆಟ್ ಮಾಡಿದರೆ ಕೆಂಪು ಮುಳ್ಳು ನೇರ 12ಕ್ಕೇ ಬರಬೇಕು. ಒಂದೆರಡು ಸೆಕೆಂಡ್ ಆಚೀಚೆ ನಿಂತರೆ ಬಹುಪಾಲು ಮುಳ್ಳಿನ ಹಿಡಿತ ಸಡಿಲಾಗಿದೆ ಎಂದರ್ಥ.

ಬದಿಯ ತಿರುಗುಗುಂಡಿ, ಅಂದರೆ ಕ್ರೌನ್ ತಿರುಗಿಸಿದರೆ ಒಳಗಿನ ಹಳದಿ ಉಂಗುರ ಸುತ್ತಬೇಕು. ಅದನ್ನು ತಿರುಗಿಸುವ ಚಿಕ್ಕ ಗೇರ್ ಸವೆದ ವಾಚುಗಳೇ ಹೆಚ್ಚು. ಕ್ರೌನ್ ಅರ್ಧ ಒತ್ತಿದರೆ ತಾರೀಕು, ಪೂರ್ತಿ ಒತ್ತಿದರೆ ವಾರ ಬದಲಾಗುತ್ತದೆ. ರಾತ್ರಿ 9ರಿಂದ ನಸುಕಿನವರೆಗೆ ಆ ಕೆಲಸಕ್ಕೆ ಹೋಗಬೇಡಿ. ಕೀಲಿ ಕೊಡಲು ಬರುವುದಿಲ್ಲ, ಅಲ್ಲಾಡಿಸಿಯೇ ಎಬ್ಬಿಸಬೇಕು.

ನಮ್ಮ ಮಾರುಕಟ್ಟೆಯಲ್ಲಿ ಎಚ್ಚರ ಬೇಕಾದದ್ದು ಡಯಲ್ ಬಗ್ಗೆ. ಬಣ್ಣ ಬಳಿದು ಹೊಸದು ಮಾಡಿದ ಹಳೆ ಸೀಕೊಗಳು ಇಲ್ಲಿ ಹೇರಳ. ಅಸಲಿಯಲ್ಲಿ ವಾಚ್ ಓರೆ ಮಾಡಿದಾಗ ನಡುವಿನಿಂದ ಕಿರಣಗಳು ಹರಡಿದಂತೆ ಹೊಳಪು ಸರಿಯುತ್ತದೆ, ಅಕ್ಷರಗಳ ಅಂಚು ಚೂಪಾಗಿರುತ್ತದೆ. ಬಳಿದದ್ದು ಅರಿಶಿನದ ಪೇಸ್ಟಿನಂತೆ ಚಪ್ಪಟೆ. ಹಿಂಬದಿಯ ಸೀರಿಯಲ್‌ನ ಮೊದಲ ಅಂಕಿ ವರ್ಷ, ಎರಡನೆಯದು ತಿಂಗಳು: 3ರ ನಂತರ ಎನ್ (N) ಅಕ್ಷರವಿದ್ದರೆ 1973ರ ನವೆಂಬರ್. ಪೋಗ್ ಅವರದು ಅಮೆರಿಕದ ಮಾರುಕಟ್ಟೆಯ 6139-6005. 6002 ಬೇರೆ ದೇಶಗಳದ್ದು, ಯಂತ್ರ ಅದೇ. ಆ ಒಂದು ಅಂಕಿಗಾಗಿ ಹೆಚ್ಚು ದುಡ್ಡು ಸುರಿಯುವ ಬದಲು, ಡಯಲ್ ಮುಟ್ಟದ, ಕ್ಲಚ್ ಸರಿಯಿರುವ 6002 ಕೊಳ್ಳಿ.