ಡಿಸೆಂಬರ್‌ನಲ್ಲಿ ಊರಿಗೆ ಹೊರಡುವ ಮುಂಚೆ ಮನೆ ಕೆಳಗಿನ ಹೀಟ್ ಕೇಬಲ್ ನೋಡಿಕೊಳ್ಳಿ

ಮಿಷಿಗನ್, ಒಹಾಯೊ, ಮಿನೆಸೋಟ ಕಡೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮನೆ ಕೆಳಗೆ ಕ್ರಾಲ್ ಸ್ಪೇಸ್ (ನೆಲದಡಿ ತೆವಳಿಕೊಂಡು ಹೋಗುವಷ್ಟೇ ಎತ್ತರದ ಖಾಲಿ ಜಾಗ) ಇರುವವರು, ಮಕ್ಕಳ ರಜೆ ನೋಡಿಕೊಂಡು ಚಳಿಗಾಲದಲ್ಲೇ ಬೆಂಗಳೂರಿಗೆ ಹೋಗುವವರು ಪೂರ್ತಿ ಓದಿ.

ನಮ್ಮದು ಮಿಷಿಗನ್‌ನಲ್ಲಿ ಹಳೆಯ ಮನೆ. ಅಡುಗೆಮನೆಗೆ ಹೋಗುವ ತಾಮ್ರದ ಪೈಪು ಕ್ರಾಲ್ ಸ್ಪೇಸ್‌ನಲ್ಲಿ, ಹೊರಗೋಡೆಗೆ ಅಂಟಿಕೊಂಡೇ ಹೋಗುತ್ತದೆ. ಅದು ಹೆಪ್ಪುಗಟ್ಟದಿರಲಿ ಅಂತ ಒಬ್ಬ ಹ್ಯಾಂಡಿಮ್ಯಾನ್ ಕೈಯಲ್ಲಿ ಕರೆಂಟಿನ ಹೀಟ್ ಕೇಬಲ್ ಹಾಕಿಸಿದೆವು. ಕೇಬಲ್ ಸುತ್ತಿ, ಮೇಲೆ ಕಪ್ಪು ಫೋಮ್ ತೊಡಿಸಿ, ನೀಟಾಗಿ ಟೇಪ್ ಹಾಕಿ ಹೋದ. ನೋಡೋಕೆ ಬಹಳ ಚೆನ್ನಾಗಿತ್ತು. ಫೋಮ್ ಒಳಗೆ ಏನು ಮಾಡಿದ್ದ ಅನ್ನೋದು ಯಾರಿಗೂ ಕಾಣುವಂತಿರಲಿಲ್ಲ.

ನಾವು ಮೈಸೂರಿನಲ್ಲಿ ಮದುವೆಮನೆಯಲ್ಲಿದ್ದಾಗ ಪಕ್ಕದ ಬೀದಿಯ ಕನ್ನಡದ ಗೆಳೆಯರು ಫೋನ್ ಮಾಡಿದರು. "ನಿಮ್ಮನೆ ಕೆಳಗಿನ ಕಿಂಡಿಯಿಂದ ನೀರು ಹೊರಗೆ ಬಂದು ಗೋಡೆಗೆಲ್ಲ ಐಸ್ ಕಟ್ಟಿದೆ ಸಾರ್, ಮೇನ್ ವಾಲ್ವ್ ಎಲ್ಲಿದೆ ಬೇಗ ಹೇಳಿ" ಅಂದರು. ಅವರ ಹತ್ತಿರ ಬೀಗದ ಕೈ ಇದ್ದಿದ್ದು ನಮ್ಮ ಪುಣ್ಯ. ಅಷ್ಟರಲ್ಲಿ ಅಡುಗೆಮನೆಯ ಮರದ ನೆಲ ಊದಿಕೊಂಡು ಎದ್ದಿತ್ತು.

ಆಮೇಲೆ ಲೈಸೆನ್ಸ್ ಇರುವ ಪ್ಲಂಬರ್ ಬಂದು ಫೋಮ್ ಕೊಯ್ದು ತೋರಿಸಿದಾಗ ವಿಷಯ ಗೊತ್ತಾಯಿತು. ಪೈಪಿಗಿಂತ ಕೇಬಲ್ ಉದ್ದವಿತ್ತು. ಉಳಿದದ್ದನ್ನು ಹ್ಯಾಂಡಿಮ್ಯಾನ್ ಮೂಲೆಯಲ್ಲಿ ಕೇಬಲ್ ಮೇಲೇ ಎರಡು ಸುತ್ತು ಸುತ್ತಿ, ಫೋಮ್ ಒಳಗೆ ತುರುಕಿದ್ದ. ಅದು ಒಂದೇ ಸಮನೆ ಕಾಯುವ ಜಾತಿಯ ಕೇಬಲ್. ಅದನ್ನು ಕತ್ತರಿಸುವ ಹಾಗಿಲ್ಲ, ಒಂದರ ಮೇಲೊಂದು ಸುತ್ತುವ ಹಾಗೂ ಇಲ್ಲ. ಸುತ್ತಿದ ಕಡೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಆ ಜಾಗದ ಪ್ಲಾಸ್ಟಿಕ್ ಕರಗಿ, ಫೋಮಿಗೆ ಅಂಟಿ, ಒಳಗಿನ ತಂತಿ ಕಾಣುತ್ತಿತ್ತು. ಸುತ್ತ ಅಂಗೈ ಅಗಲ ಫೋಮ್ ಸುಟ್ಟು ಗಟ್ಟಿಯಾಗಿತ್ತು. ಮುಟ್ಟಿದರೆ ಪುಡಿ ಉದುರುತ್ತಿತ್ತು.

ತಂತಿ ಹೊರಗೆ ಬಂದ ಕೂಡಲೇ, ಕರೆಂಟ್ ಸೋರಿದರೆ ತಾನೇ ಆರುವ ಜಿಎಫ್‌ಸಿಐ ಸಾಕೆಟ್ ಟ್ರಿಪ್ ಆಗಿದೆ. ಅದು ಮಾಡಬೇಕಾದ ಕೆಲಸವನ್ನೇ ಮಾಡಿತು. ಮಾಮೂಲಿ ಸಾಕೆಟ್ ಆಗಿದ್ದರೆ ನೀರಿನ ಬದಲು ಬೆಂಕಿಯ ಕಥೆ ಹೇಳಬೇಕಾಗುತ್ತಿತ್ತು ಅಂದರು ಪ್ಲಂಬರ್. ಈ ಕೇಬಲ್‌ಗಳಿಂದ ಬೆಂಕಿ ಬೀಳುವ ಬಗ್ಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಎಚ್ಚರಿಸಿದೆ. ಆದರೆ ಟ್ರಿಪ್ ಆದಮೇಲೆ ಕೇಬಲ್ ಸತ್ತ ಹಾಗೇ ಅಲ್ವಾ? ಕತ್ತಲೆಯ ಕ್ರಾಲ್ ಸ್ಪೇಸ್‌ನಲ್ಲಿ ಅದು ಆರಿದ್ದು ಯಾರಿಗೆ ಗೊತ್ತಾಗಬೇಕು? ಹೊರಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್. ಪೈಪು ಹೆಪ್ಪುಗಟ್ಟಿ ಕಟ್ಟಿಕೊಂಡಿತು.

ಇಲ್ಲಿ ಒಂದು ವಿಷಯ. ನೀರು ಐಸ್ ಆದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹಾಗಂತ ಐಸ್ ಇರುವ ಕಡೆಯೇ ಪೈಪು ಒಡೆಯಬೇಕೆಂದಿಲ್ಲ. ಐಸಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರಿ, ಅಲ್ಲೆಲ್ಲೋ ಸೀಳುತ್ತದೆ. ನಮ್ಮ ಪೈಪಿನಲ್ಲಿ ಸೀಳಿದ್ದು ಕಿರುಬೆರಳಿನಷ್ಟು ಉದ್ದ, ಅದೂ ಕೇಬಲ್ ಇಲ್ಲದ ಕಡೆ. ಚಳಿ ಸ್ವಲ್ಪ ಇಳಿದು ಐಸ್ ಕರಗಿದ ಮೇಲೆಯೇ ನೀರು ಹರಿಯಲು ಶುರುವಾಗಿದ್ದು. ಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಷ್ಟು ಬಿಡಿ ಅಂತ ಹೇಳುವುದು ಇದಕ್ಕೇ.

ಇನ್ನೊಂದು ಎಡವಟ್ಟೂ ಸಿಕ್ಕಿತು. ಕೇಬಲ್‌ಗೆ ಅಂಟಿಕೊಂಡು ಬರುವ ಥರ್ಮೋಸ್ಟಾಟ್ ಗುಂಡಿ ಸಾಮಾನ್ಯವಾಗಿ 3 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆನ್ ಆಗುತ್ತದೆ. ಅದು ಪೈಪಿನ ಅತಿ ತಣ್ಣನೆಯ ಜಾಗಕ್ಕೆ ಒತ್ತಿ ಕೂತಿರಬೇಕು. ನಮ್ಮಲ್ಲಿ ಹ್ಯಾಂಡಿಮ್ಯಾನ್ ಅದನ್ನು ಬಿಸಿಗಾಳಿಯ ಡಕ್ಟ್ ಪಕ್ಕ ಇಟ್ಟಿದ್ದ. ಪೈಪು ನಡುಗುತ್ತಿದ್ದರೂ ಗುಂಡಿಗೆ ಬೆಚ್ಚಗೇ ಇರುತ್ತಿತ್ತು!

ಈಗ ಹಾಕಿಸಿರುವುದು ಸೆಲ್ಫ್ ರೆಗ್ಯುಲೇಟಿಂಗ್ ಕೇಬಲ್. ಎರಡು ತಾಮ್ರದ ತಂತಿಗಳ ನಡುವೆ ಕಾರ್ಬನ್ ಬೆರೆಸಿದ ಪ್ಲಾಸ್ಟಿಕ್ ಇರುತ್ತದೆ. ತಣ್ಣಗಾದ ಕಡೆ ಜಾಸ್ತಿ ಕರೆಂಟ್ ಹರಿಯುತ್ತದೆ, ಬಿಸಿಯಾದ ಕಡೆ ತಾನೇ ಕಡಿಮೆಯಾಗುತ್ತದೆ. ಬೆಲೆ ಜಾಸ್ತಿ, ನಿಜ. ಆದರೆ ನೆಲ ಕಿತ್ತು ಹಾಕಿಸಿದ ಖರ್ಚಿನ ಮುಂದೆ ಅದು ಏನೂ ಅಲ್ಲ. ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಪೈಪು ಇರುವವರು ಪ್ಲಾಸ್ಟಿಕ್‌ಗೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯಾ ನೋಡಿ. ಫೋಮ್ ಎಷ್ಟು ದಪ್ಪ ಇರಬಹುದು ಅನ್ನೋದೂ ಅಲ್ಲೇ ಇರುತ್ತದೆ. ಎಕ್ಸ್‌ಟೆನ್ಶನ್ ವೈರ್ ಮಾತ್ರ ಬೇಡವೇ ಬೇಡ.

ಊರಾಚೆ ಮನೆ ಮಾಡಿ ಬೋರ್‌ವೆಲ್, ಪ್ರೆಶರ್ ಟ್ಯಾಂಕ್ ಇಟ್ಟುಕೊಂಡಿರುವವರು ಇನ್ನೂ ಹುಷಾರಾಗಿರಬೇಕು. ಟ್ಯಾಂಕ್ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಒತ್ತಡ ನೋಡಿ ಪಂಪ್ ಆನ್-ಆಫ್ ಮಾಡುವ ಪ್ರೆಶರ್ ಸ್ವಿಚ್‌ಗೆ ಹೋಗುವ ಸಣ್ಣ ಕೊಳವೆ ಮೊದಲು ಕಟ್ಟಿಕೊಳ್ಳುತ್ತದೆ. ಆಗ ಪಂಪ್‌ಗೆ ಒತ್ತಡ ಎಷ್ಟಿದೆ ಅಂತಲೇ ತಿಳಿಯುವುದಿಲ್ಲ. ಕೇಬಲ್ ಸುತ್ತುವವರು ಟ್ಯಾಂಕಿಗೆ ಸುತ್ತಿ ಈ ಕೊಳವೆಯನ್ನು ಬಿಟ್ಟುಬಿಡುತ್ತಾರೆ.

ಕರೆಂಟ್ ಹೋದರೆ ಎಂಥ ಒಳ್ಳೆ ಕೇಬಲ್ ಇದ್ದರೂ ಅಷ್ಟೇ. 2021ರ ಫೆಬ್ರವರಿಯ ಭಾರಿ ಚಳಿಯಲ್ಲಿ ಟೆಕ್ಸಸ್‌ನಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ, ಕಚೇರಿಗಳಿಗೆ ಕರೆಂಟ್ ಇರಲಿಲ್ಲ. ಪೈಪು ಒಡೆದುಕೊಂಡ ಮನೆಗಳಿಗೆ ಲೆಕ್ಕವೇ ಇರಲಿಲ್ಲ. ಡಲ್ಲಾಸ್, ಆಸ್ಟಿನ್ ಕಡೆಯ ನಮ್ಮವರನ್ನು ಕೇಳಿ, ಹೇಳುತ್ತಾರೆ. ಅದಕ್ಕೇ ನಾವೀಗ ಊರಿಗೆ ಹೊರಡುವ ದಿನ ಮೇನ್ ವಾಲ್ವ್ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪು ಖಾಲಿ ಮಾಡುತ್ತೇವೆ. ನೀರಿನಿಂದ ಮನೆ ಕಾಯಿಸುವ ಬಾಯ್ಲರ್ ಇದ್ದರೆ, ಮನೆಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ ಹೀಗೆ ಮಾಡುವ ಮುಂಚೆ ಪ್ಲಂಬರ್‌ನ ಕೇಳಿ.

ಮನೆ ಬೆಚ್ಚಗಿಡುವ ಹೀಟರ್ ಮಾತ್ರ ಆರಿಸಬೇಡಿ. ಇನ್ಶೂರೆನ್ಸ್‌ನವರು ಮೊದಲು ಕೇಳಿದ್ದೇ "ಮನೆಯಲ್ಲಿ ಹೀಟ್ ಇತ್ತಾ?" ಅಂತ. ನಮ್ಮದು 55 ಫ್ಯಾರನ್‌ಹೀಟ್‌ನಲ್ಲಿ ಓಡುತ್ತಿತ್ತು, ಸ್ಮಾರ್ಟ್ ಥರ್ಮೋಸ್ಟಾಟ್‌ನಲ್ಲಿ ದಾಖಲೆಯೂ ಇತ್ತು. ಅದನ್ನು ಕಳಿಸಿದ ಮೇಲೆಯೇ ಕ್ಲೇಮ್ ಮುಂದೆ ಹೋಯಿತು. ಹ್ಯಾಂಡಿಮ್ಯಾನ್‌ಗೆ ನಗದು ಕೊಟ್ಟಿದ್ದರಿಂದ ರಸೀದಿ ಇರಲಿಲ್ಲ. ಅವನ ಫೋನು ಇವತ್ತಿಗೂ ಎತ್ತಿಲ್ಲ.